ಚಿಕ್ಕತಾಯಮ್ಮನ ಎಡಗಾಲು

ಚೈತ್ರಕೂಟ ಅಪಾರ್ಟ್‌ಮೆಂಟಿನ ಅಂಗಳ ಗುಡಿಸುವ ಚಿಕ್ಕತಾಯಮ್ಮ ಹತ್ತೊಂಬತ್ತು ವರ್ಷಗಳಲ್ಲಿ ಒಂದು ಸಲವೂ ಲಿಫ್ಟ್ ಹತ್ತಿ ಮೇಲೆ ಬಂದವಳಲ್ಲ. ಅಂಥವಳು ಒಂದು ಸಂಜೆ ಮೂರನೆಯ ಮಹಡಿಗೆ ಬಂದು ಬಾಗಿಲು ತಟ್ಟಿದಾಗ, ಸಂಪಿನ ಮೋಟಾರು ಕೆಟ್ಟಿರಬೇಕು ಎಂದುಕೊಂಡೇ ಮೇದಿನಿ ಬಾಗಿಲು ತೆರೆದಳು. ಚಿಕ್ಕತಾಯಮ್ಮ ಚಪ್ಪಲಿಯನ್ನು ಲಿಫ್ಟಿನ ಹತ್ತಿರವೇ ಬಿಟ್ಟು ಬಂದಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು.

"ಅಮ್ಮಾವ್ರೆ, ಒಂದ್ ಮಾತು. ಬೇಜಾರು ಮಾಡ್ಕಬ್ಯಾಡಿ. ಈ ಕಟ್ಟಡದ ಮಕ್ಕಳೆಲ್ಲ ಸೇರ್ಕೊಂಡು ನನ್ನ ಅಣಕಿಸ್ತಾವೆ. ನಿಮ್ಮ ಮಗೂನೂ ಸೇರಿ."

"ಏನಂತಾವೆ?"

"ಬಾಯಲ್ಲಿ ಏನೂ ಅನ್ನಲ್ಲ. ಸ್ಕೂಲ್ ವ್ಯಾನಿಂದ ಇಳಿದ್ರೆ ಲಿಫ್ಟ್‌ಗಂಟ ಎಲ್ಲವೂ ಸಾಲಾಗಿ ಎಡಗಾಲು ಎಳ್ಕೊಂಡು ಹೋಯ್ತವೆ, ನಾನು ಎಳ್ಕೊಂಡು ಹೋಗೋ ಹಂಗೇಯ. ಒಂದ್ ದಿನ ಆಗಿದ್ರೆ ನಕ್ಕು ಸುಮ್ಮನಾಗ್ತಿದ್ದೆ. ಹದಿನೈದು ದಿನದಿಂದ ನೋಡ್ತಾ ಇವ್ನಿ. ಈ ಕಾಲು ಇಲ್ಲೇ, ಈ ಸಂಪಿನ ಮುಚ್ಚಳ ಜಾರಿ ಬಿದ್ದು ಹೋದದ್ದು. ನಿಮಗೂ ಗೊತ್ತಲ್ಲ."

ಮೇದಿನಿಗೆ ನಾಚಿಕೆಯಾಯಿತು. ಒಳಗೆ ತಿರುಗಿ, "ತನ್ಮಯಿ, ಬಾ ಇಲ್ಲಿ" ಎಂದು ಕೂಗಿದಳು. ಏಳು ವರ್ಷದ ತನ್ಮಯಿ ನಡುಮನೆಯ ಗೋಡೆ ಪರದೆಯ ಮುಂದೆ ಕುಳಿತಿದ್ದಳು. ಮೈಮೇಲೆ ಬೂದುಬಣ್ಣದ ಆಟದಂಗಿ. ಕಣ್ಣು ಪರದೆಯ ಮೇಲೆ, ತುಟಿ ಅರ್ಧ ತೆರೆದಿದೆ, ಕೈಕಾಲು ಮಾತ್ರ ತಮ್ಮ ಪಾಡಿಗೆ ತಾವು ಅದುರುತ್ತಿವೆ. ಕರೆದ ಮೂರನೆಯ ಸಲಕ್ಕೆ ಎದ್ದು ಬಂದಳು. ಬಂದದ್ದು ಕುಂಟಿಕೊಂಡೇ.

"ನೋಡಿ, ನಿಮ್ಮ ಮುಂದೇನೂ ಹಂಗೇ ಮಾಡ್ತಾಳೆ," ಎಂದಳು ಚಿಕ್ಕತಾಯಮ್ಮ. ಅವಳ ದನಿ ಸಣ್ಣದಾಯಿತು.

"ನಾನು ಏನೂ ಮಾಡ್ತಿಲ್ಲ ಅಮ್ಮ. ಕಾಲು ಹಾಗೇ ಹೋಗುತ್ತೆ."

"ಸುಳ್ಳು ಬೇರೆ ಹೇಳ್ತೀಯಾ?" ಎಂದು ಮೇದಿನಿ ಗದರಿದಳು. ತಪ್ಪಾಯ್ತು ಎಂದು ಹೇಳಿಸಿದಳು. ತನ್ಮಯಿ ಹೇಳಿದಳು, ಪರದೆಯ ಕಡೆಗೇ ಕಣ್ಣಿಟ್ಟುಕೊಂಡು. ಚಿಕ್ಕತಾಯಮ್ಮ ತಲೆಯಾಡಿಸಿ, ಎಡಗಾಲು ಎಳೆಯುತ್ತ, ಮೆಟ್ಟಿಲಿಳಿದೇ ಹೋದಳು.

ಇದಕ್ಕೆಲ್ಲ ಮೂಲ ಒಂದು ಒಳ್ಳೆಯ ಕಾನೂನು. ಕೆಟ್ಟ ಕೆಲಸಗಳು ಬಹಳ ಸಲ ಹೀಗೇ ಶುರುವಾಗುತ್ತವೆ. ಪರದೆ ನೋಡಿ ನೋಡಿ ಮಕ್ಕಳ ಕಣ್ಣು ಮಂಜಾಗುತ್ತಿತ್ತು. ಆರು ವರ್ಷದ ಹುಡುಗರು ಹನ್ನೆರಡು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಶೂ ಕಟ್ಟಿಕೊಳ್ಳಲು, ಅಂಗಡಿಯಿಂದ ಉಪ್ಪಿನ ಪೊಟ್ಟಣ ತರಲು, ಬೀದಿ ದಾಟಲು ಬಾರದ ಒಂದು ತಲೆಮಾರೇ ಬೆಳೆದು ನಿಂತಿತ್ತು. ಆಗ ಸರ್ಕಾರ, ನಾಲ್ಕರಿಂದ ಹನ್ನೆರಡು ವರ್ಷದ ಪ್ರತಿ ಮಗುವೂ ದಿನಕ್ಕೆ ಒಂದೂವರೆ ಗಂಟೆ ಹೊರಗೆ ಬಯಲಲ್ಲಿ ಆಡಲೇಬೇಕು ಎಂದು ಕಾನೂನು ಮಾಡಿತು. ಅದನ್ನು ಅಳೆಯಲು ಕೈಗೊಂದು ಕಾಲಿಗೊಂದು ಪಟ್ಟಿ ಕೊಟ್ಟಿತು. ಪಟ್ಟಿ ಬಿಸಿಲು, ನಾಡಿ, ಮೈಯ ಅಲುಗಾಟ ಮೂರನ್ನೂ ಗುರುತಿಸಿಕೊಳ್ಳುತ್ತಿತ್ತು. ವಾರದ ಅಂಕ ಶಾಲೆಗೆ ಹೋಗುತ್ತಿತ್ತು. ಅಂಕ ಸಾಲದಿದ್ದರೆ ಮುಂದಿನ ತರಗತಿಯಿಲ್ಲ.

ಕಾನೂನು ಚೆನ್ನಾಗಿದೆ, ಬೇರೆಯವರ ಮಕ್ಕಳಿಗೆ ಬಹಳ ಬೇಕಾಗಿತ್ತು ಎಂದು ಎಲ್ಲರೂ ಮೆಚ್ಚಿಕೊಂಡರು. ತಮ್ಮ ಮಗುವನ್ನು ಕೆಳಗೆ ಬಿಡಲು ಮಾತ್ರ ಯಾರಿಗೂ ಮನಸ್ಸು ಬರಲಿಲ್ಲ. ಕೆಳಗೆ ನಾಯಿ, ವಾಹನ, ಬಿಸಿಲು, ಗುರುತಿಲ್ಲದ ಜನ. ಜೊತೆಗೆ ಹೋಗೋಣವೆಂದರೆ ಆಫೀಸು. ಅದೂ ಅಲ್ಲದೆ ಪರದೆ ಆರಿಸಿದರೆ ಮಗು ಕಟ್ಟಡ ಕಿತ್ತುಹೋಗುವಂತೆ ಕಿರುಚುತ್ತದೆ. ಮೈಸೂರಿನ ರಿಂಗ್ ರಸ್ತೆಯಾಚೆ ಇದ್ದ ಚೈತ್ರಕೂಟದಲ್ಲಿ ಒಬ್ಬರು ಪಟ್ಟಿಯನ್ನು ಫ್ಯಾನಿಗೆ ಕಟ್ಟಿ ನೋಡಿದರು, ಇನ್ನೊಬ್ಬರು ತಮ್ಮ ನಾಯಿಯ ಕೊರಳಿಗೆ. ಪಟ್ಟಿ ಅಷ್ಟು ದಡ್ಡದಾಗಿರಲಿಲ್ಲ. ಅದಕ್ಕೆ ಮನುಷ್ಯರ ಬೆಚ್ಚಗಿನ ಚರ್ಮವೇ ಬೇಕಿತ್ತು. ಕೊನೆಗೆ ದಾರಿ ಹುಡುಕಿದವರು ಅಸೋಸಿಯೇಷನ್ ಅಧ್ಯಕ್ಷೆ ವೀಣಾಂಬ. ಗೇಟಿನ ಪಕ್ಕದ ಗೋಡೆಗೆ ಒಂದು ಮೊಳೆ ಹೊಡೆಸಿದರು. ಬೆಳಿಗ್ಗೆ ಆರಕ್ಕೆ ಹದಿನೆಂಟು ಮಕ್ಕಳ ಹದಿನೆಂಟು ಜೊತೆ ಪಟ್ಟಿ ಆ ಮೊಳೆಗೆ ಬೀಳುತ್ತಿದ್ದವು. ಚಿಕ್ಕತಾಯಮ್ಮ ಅವನ್ನು ಬಳೆಯ ಹಾಗೆ ಮೊಣಕೈವರೆಗೆ, ಕಾಲಲ್ಲಿ ಮಂಡಿಯವರೆಗೆ ಏರಿಸಿಕೊಂಡು ಅಂಗಳ ಗುಡಿಸುತ್ತಿದ್ದಳು. ಮಂಡಿ ಕೆಟ್ಟ ಐವತ್ತೈದರ ಹೆಂಗಸು ಬೆವರಿಳಿಸಿ ಗುಡಿಸುವಾಗಿನ ನಾಡಿಬಡಿತವೂ, ಏಳರ ಮಗು ಆಡುವಾಗಿನ ನಾಡಿಬಡಿತವೂ ಪಟ್ಟಿಗೆ ಒಂದೇ ಥರ ಕಂಡಿತು.

"ಬಿಸಿಲು ಕುಡಿದ್ರೆ ಇವು ಚಾರ್ಜ್ ಆಗ್ತವೆ. ನೀನು ಹೇಗೂ ಬಿಸಿಲಲ್ಲೇ ಇರ್ತೀಯಲ್ಲ" ಎಂದು ವೀಣಾಂಬ ಅವಳಿಗೆ ಹೇಳಿದ್ದರು. ಅಲ್ಲೇ ನಿಂತಿದ್ದ ಮೇದಿನಿಗೆ ಅದು ಸುಳ್ಳೆಂದು ಗೊತ್ತಿತ್ತು. ಅವಳೂ ತನ್ಮಯಿಯ ಪಟ್ಟಿಯನ್ನು ಮೊಳೆಗೆ ಹಾಕಿ ಕೆಲಸಕ್ಕೆ ಹೋದಳು. ಗಂಡ ಸುಧನ್ವ ವಾರಕ್ಕೆ ಐದು ದಿನ ಮಂಗಳೂರಿನಲ್ಲಿರುತ್ತಿದ್ದ, ಅವನು ಕೇಳಲೂ ಇಲ್ಲ.

ಅವಳು ಹೋಗುತ್ತಿದ್ದ ಕೆಲಸವಾದರೂ ಎಂಥದ್ದು. ಬಾಲಚೇತನ ಎಂಬ ಪ್ರಯೋಗಾಲಯದಲ್ಲಿ ಅವಳು ಚಲನೆಯ ತಜ್ಞೆ. ಆಟದಂಗಿ ಹುಟ್ಟಿದ್ದು ಅಲ್ಲೇ. ಆಟವೆಂದರೆ ಸ್ನಾಯು ಬಿಗಿಯುವುದು, ಸಡಿಲಾಗುವುದು, ಎದೆ ಬಡಿತ ಏರುವುದು, ಅಷ್ಟೇ ತಾನೆ? ಹಾಗಿದ್ದರೆ ಹೊರಗೆ ಹೋಗುವುದೇಕೆ? ಚೆನ್ನಾಗಿ ಆಡುವ ಮಕ್ಕಳ ಪಟ್ಟಿಗಳಿಂದ ಅವರ ಚಲನೆಯನ್ನೆಲ್ಲ ತೆಗೆದುಕೊಂಡು, ಅಂಗಿಯ ಒಳಗಿನ ಅಂಟು ಬಿಲ್ಲೆಗಳ ಮೂಲಕ ಸಣ್ಣ ವಿದ್ಯುತ್ತಾಗಿ ಬೇರೆ ಮಕ್ಕಳ ಮೈಗೆ ಹರಿಸಿದರೆ ಆಯಿತು. ಮಗು ಪರದೆ ನೋಡುತ್ತಿರುತ್ತದೆ, ಮೈ ಆಡುತ್ತಿರುತ್ತದೆ. ಎರಡು ಸಾವಿರದ ಮುನ್ನೂರು ಮಕ್ಕಳ ಮೇಲೆ ಪ್ರಯೋಗ ನಾಲ್ಕು ತಿಂಗಳಿಂದ ನಡೆದಿತ್ತು. ಚೈತ್ರಕೂಟದ ಮಕ್ಕಳೂ ಅದರಲ್ಲಿದ್ದರು, ಅಂಗಿಗೆ ಇನ್ನೂ ಮಾನ್ಯತೆ ಸಿಗದಿದ್ದರಿಂದ ಅವರ ಪಟ್ಟಿ ಮಾತ್ರ ದಿನವೂ ಮೊಳೆಗೇ ಬೀಳುತ್ತಿತ್ತು. ಮುಂದಿನ ಒಂದನೆಯ ತಾರೀಖಿಗೆ ರಾಜ್ಯದ ಎಲ್ಲ ಶಾಲೆಗಳಿಗೂ ಅಂಗಿ ಹೋಗಲಿತ್ತು. ಆಟದ ಬಯಲುಗಳಲ್ಲಿ ಕೊಠಡಿ ಕಟ್ಟಲು ಇಲಾಖೆ ಆಗಲೇ ನಕ್ಷೆ ತಯಾರಿಸಿಕೊಂಡಿತ್ತು.

ಯಾರ ಚಲನೆಯನ್ನು ಮಾದರಿಯಾಗಿ ಇಟ್ಟುಕೊಳ್ಳಬೇಕೆಂದು ಆರಿಸಿದವಳು ಮೇದಿನಿ. ಪಕ್ಷಪಾತ ಬೇಡವೆಂದು ಹೆಸರು, ಊರು ಎಲ್ಲ ಮರೆಮಾಡಿ ಬರಿಯ ಸಂಖ್ಯೆ ಕೊಟ್ಟಿದ್ದರು. ನಾಲ್ಕು ಲಕ್ಷ ಮಕ್ಕಳಲ್ಲಿ ಹದಿನೆಂಟು ಮಕ್ಕಳ ಒಂದು ಗುಂಪು ಎದ್ದು ಕಂಡಿತ್ತು. ಹಬ್ಬವಿರಲಿ, ಪರೀಕ್ಷೆಯಿರಲಿ, ಒಂದು ದಿನವೂ ತಪ್ಪಿಲ್ಲ. ಬಗ್ಗುವುದು, ಏಳುವುದು, ಕೈ ಬೀಸುವುದು, ಭಾರ ಎತ್ತುವುದು ಎಲ್ಲ ಒಂದೇ ಹದ. ನೋಡಿ ಅವಳು ಬೆರಗಾಗಿದ್ದಳು. ಇಂಥ ಮಕ್ಕಳನ್ನು ಹೆತ್ತವರು ಪುಣ್ಯವಂತರು ಎಂದೂ ಅಂದುಕೊಂಡಿದ್ದಳು.

ಚಿಕ್ಕತಾಯಮ್ಮ ದೂರು ಹೇಳಿದ ಮರುದಿನ ಪ್ರಯೋಗಾಲಯದಲ್ಲಿ ಪೋಷಕರ ಪತ್ರಗಳ ದೊಡ್ಡ ಕಟ್ಟು ಬಂದಿತ್ತು. ಹಾಸನದ ಒಂದು ಮಗುವಿಗೆ ಸೊಂಟನೋವು. ಶಿರಸಿಯ ಇಬ್ಬರು ಅಕ್ಕತಂಗಿಯರಿಗೆ ಎಡ ಮಂಡಿ ಹಿಡಿದಿದೆ. ರಾಯಚೂರಿನ ಹುಡುಗನೊಬ್ಬ ಶಾಲೆಯ ಸಾಲಿನಲ್ಲಿ ಕುಂಟುತ್ತಾನೆಂದು ಮೇಷ್ಟ್ರಿಂದ ಪೆಟ್ಟು ತಿಂದಿದ್ದಾನೆ. ಮುಖ್ಯಸ್ಥ ಪ್ರದ್ಯುಮ್ನ ಕೋಡುಬಳೆ ಮುರಿಯುತ್ತ ಪತ್ರಗಳನ್ನು ಒಂದು ಕಡೆಗೆ ಸರಿಸಿದ.

"ಬೆಳೆಯೋ ಮಕ್ಕಳಿಗೆ ಕಾಲುನೋವು ಇರುತ್ತೆ ಮೇದಿನಿ."

"ಎಲ್ಲರಿಗೂ ಎಡಗಾಲೇ ನೋಯುತ್ತಾ?"

"ಜನ ಒಬ್ಬರನ್ನ ನೋಡಿ ಒಬ್ಬರು ಬರೀತಾರೆ. ಒಂದನೇ ತಾರೀಖಿನವರೆಗೆ ಸುಮ್ಮನಿರಿ."

ಪ್ರಯೋಗಾಲಯದ ದೊಡ್ಡ ಕೋಣೆಯ ತುಂಬ ಸಾಲು ಕುರ್ಚಿಗಳಲ್ಲಿ ಪರೀಕ್ಷೆಯ ಮಕ್ಕಳು ಕುಳಿತಿದ್ದರು. ಬಿಲ್ಲೆಗಳ ಅಂಟು ಬೆವರಿನ ಜೊತೆ ಸೇರಿ ಹುಳಿ ಮೊಸರಿನ ವಾಸನೆ ಹೊಡೆಯುತ್ತಿತ್ತು. ಇಪ್ಪತ್ತು ಬಾಯಿಗಳು ಅರ್ಧ ತೆರೆದಿದ್ದವು. ಒಬ್ಬ ಹುಡುಗನ ಗಲ್ಲದಿಂದ ಜೊಲ್ಲು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲು ಅವನ ಕೈಗೆ ಬಿಡುವಿರಲಿಲ್ಲ. ಮೇದಿನಿ ಕರವಸ್ತ್ರ ತೆಗೆದು ಒರೆಸಿದಳು. ಅವನು ಅವಳನ್ನು ನೋಡಲೂ ಇಲ್ಲ.

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅವಳು ಬಾಲ್ಕನಿಗೆ ಬಂದಳು. ಕೆಳಗೆ ಚಿಕ್ಕತಾಯಮ್ಮ ಗುಡಿಸುತ್ತಿದ್ದಳು. ಬಗ್ಗಿ ಎರಡು ಬೀಸು ಬಲಕ್ಕೆ, ಒಂದು ಬೀಸು ಎಡಕ್ಕೆ, ಎಡಗಾಲನ್ನು ಎಳೆದುಕೊಂಡು ಮುಂದಕ್ಕೆ ಒಂದು ಹೆಜ್ಜೆ, ಮತ್ತೆ ಬಗ್ಗುವುದು. ನಾಲ್ಕು ಹೆಜ್ಜೆಗೊಮ್ಮೆ ಸೊಂಟಕ್ಕೆ ಕೈಯಿಟ್ಟು ನೆಟ್ಟಗಾಗುವುದು. ಮೇದಿನಿ ತಿರುಗಿ ಒಳಗೆ ನೋಡಿದಳು. ತನ್ಮಯಿ ಸೋಫಾದ ಮೇಲೆ ಕುಳಿತಿದ್ದಾಳೆ. ಪರದೆಯ ಬೆಳಕು ಮುಖದ ಮೇಲೆ. ಬಲಗೈ ಎರಡು ಸಲ ಬಲಕ್ಕೆ ಅದುರಿತು, ಒಂದು ಸಲ ಎಡಕ್ಕೆ. ಎಡಗಾಲು ಸ್ವಲ್ಪ ಎಳೆಯಿತು. ನಾಲ್ಕನೆಯ ಸಲಕ್ಕೆ ಕೈ ಸೊಂಟಕ್ಕೆ ಹೋಯಿತು.

ಕಾಫಿ ಲೋಟವನ್ನು ಅಲ್ಲೇ ಕೆಳಗಿಟ್ಟಳು. ಮಾದರಿ ಗುಂಪಿನಲ್ಲಿದ್ದದ್ದು ಹದಿನೆಂಟು ಮಕ್ಕಳು. ಮೊಳೆಯ ಮೇಲೆ ಬೀಳುವುದು ಹದಿನೆಂಟು ಜೊತೆ.

ಓಡಿಹೋಗಿ ಅಂಗಿ ಬಿಚ್ಚಿದಳು. ಬಿಲ್ಲೆ ಕಿತ್ತ ಕಡೆಯಲ್ಲೆಲ್ಲ ಮಗುವಿನ ಬೆನ್ನಿನ ಮೇಲೆ ಕೆಂಪು ವೃತ್ತಗಳು, ಅವುಗಳಲ್ಲಿ ತೇವದ ಅಂಟು. ಮುಟ್ಟಿದರೆ ಬೆರಳಿಗೆ ಹತ್ತುತ್ತಿತ್ತು. ತನ್ನ ಮಗಳ ಮೈ ಮುಟ್ಟಿ ಕೈ ತೊಳೆದುಕೊಳ್ಳಬೇಕೆನಿಸಿತು, ಹಾಗೆನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

"ಹೋಗು, ಏನಾದ್ರೂ ಆಡ್ಕೋ," ಎಂದಳು.

ತನ್ಮಯಿ ಕೈ ಜೋಲುಬಿಟ್ಟುಕೊಂಡು ಕೋಣೆಯ ನಡುವೆ ನಿಂತಳು. ಐದು ನಿಮಿಷವಾದರೂ ಕದಲಲಿಲ್ಲ. ಆಮೇಲೆ ಕೇಳಿದಳು, "ಅಮ್ಮ, ಅದು ಯಾವಾಗ ಶುರುವಾಗುತ್ತೆ?"

ಸೋಮವಾರ ಬೆಳಿಗ್ಗೆ ಮೊದಲು ಬಂದವಳು ಮೇದಿನಿಯೇ. ಮರೆಮಾಡಿದ್ದ ಸಂಖ್ಯೆಗಳನ್ನು ಬಿಡಿಸಿದಳು. ಹದಿನೆಂಟೂ ಚೈತ್ರಕೂಟದವೇ. ಹನ್ನೊಂದನೆಯದು ಅವಳ ಮಗಳು. ಅಂಕದಲ್ಲಿ ಅವರ ನಂತರದ ಗುಂಪುಗಳನ್ನೂ ಬಿಡಿಸಿ ನೋಡಿದಳು. ಎರಡನೆಯ ಸ್ಥಾನದ ಗುಂಪು ಯಾವುದೋ ಹೋಟೆಲಿನ ಪಾತ್ರೆ ತೊಳೆಯುವವರ ಕೈಗಳಂತೆ ಕಂಡಿತು. ಮೂರನೆಯದು ಇಟ್ಟಿಗೆ ಹೊರುವವರದು. ಊರೂರಿನಲ್ಲೂ ಒಂದೊಂದು ಮೊಳೆಯಿತ್ತು. ಚಿಕ್ಕತಾಯಮ್ಮ ಒಂದು ದಿನವೂ ರಜೆ ಹಾಕದವಳಾದ್ದರಿಂದ ಅವಳದು ಮೊದಲ ಸ್ಥಾನಕ್ಕೆ ಬಂದಿತ್ತು, ಅಷ್ಟೇ.

ಹಾಗಾದರೆ ನಿಜವಾಗಿ ಆಡಿದ ಮಕ್ಕಳು ಯಾರೂ ಇರಲಿಲ್ಲವೇ? ಇದ್ದರು. ಅವರನ್ನು ಅವಳೇ ಆರು ತಿಂಗಳ ಹಿಂದೆ 'ದೋಷಪೂರಿತ' ಎಂದು ಬರೆದು ಪಕ್ಕಕ್ಕಿಟ್ಟಿದ್ದಳು. ಈಗ ಆ ಕಡತ ತೆರೆದಳು. ಒಂದು ಮಗು ಓಡುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತಿದೆ. ಒಂದು ಕಾರಣವಿಲ್ಲದೆ ಗಿರಗಿರ ಸುತ್ತಿ ಬಿದ್ದಿದೆ. ಒಂದು ಮರ ಹತ್ತಿ ಅರ್ಧದಲ್ಲೇ ಹೆದರಿ ಅಲ್ಲೇ ಇಪ್ಪತ್ತು ನಿಮಿಷ ಕುಳಿತು, ಆಮೇಲೆ ಮೇಲಕ್ಕೇ ಹತ್ತಿದೆ. ಮತ್ತೊಂದು ಮಗು ನಲವತ್ತು ನಿಮಿಷ ಒಂದೇ ಜಾಗದಲ್ಲಿ ಕುಕ್ಕರಗಾಲಲ್ಲಿ ಕುಳಿತುಬಿಟ್ಟಿದೆ. ಏನು ನೋಡುತ್ತಿತ್ತೋ. ಪಟ್ಟಿ ಆ ನಲವತ್ತು ನಿಮಿಷಕ್ಕೆ ಸೊನ್ನೆ ಕೊಟ್ಟಿತ್ತು, ಮೇದಿನಿ ಅದನ್ನು ಒಪ್ಪಿ ಸಹಿ ಮಾಡಿದ್ದಳು. ಆಟಕ್ಕೆ ಹದವೂ ಇಲ್ಲ, ಹೊತ್ತೂ ಇಲ್ಲ, ಯಾರ ಅಪ್ಪಣೆಯೂ ಇಲ್ಲ. ಎಂಟು ವರ್ಷ ಓದಿ ಪದವಿ ತಗೊಂಡ ತನಗೆ ಅಷ್ಟು ತಿಳಿಯಲಿಲ್ಲವಲ್ಲ ಎಂದು ಅವಳು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಪ್ರದ್ಯುಮ್ನನಿಗೆ ಎಲ್ಲವನ್ನೂ ಹೇಳಿದಳು. ತನ್ನ ಮಗಳ ಪಟ್ಟಿಯ ವಿಷಯವನ್ನೂ ಮುಚ್ಚಿಡಲಿಲ್ಲ. ಅವನು ನಾಚಿಕೆಪಡುತ್ತಾನೆ, ಕೂಗಾಡುತ್ತಾನೆ, ಕನಿಷ್ಠ ತಲೆಮೇಲೆ ಕೈಹೊತ್ತು ಕೂರುತ್ತಾನೆ ಎಂದು ಕಾದಳು. ಅವನ ಕಣ್ಣು ಹೊಳೆಯಿತು.

"ಅಂದ್ರೆ ಒಬ್ಬಳೇ ಹೆಂಗಸು? ಒಂದೇ ಮೈ? ಎಷ್ಟು ಅನುಕೂಲ ನೋಡಿ. ಕುಂಟನ್ನ ಸೋಸಿ ತೆಗೆದ್ರೆ ಮಿಕ್ಕಿದ್ದೆಲ್ಲ ಬಂಗಾರ. ಅವಳನ್ನ ಕರ್ಕೊಂಡ್ ಬನ್ನಿ. ಮೈಗೆಲ್ಲ ಐವತ್ತು ಬಿಲ್ಲೆ ಅಂಟಿಸಿ ಒಂದು ವಾರ ಇಲ್ಲೇ ಗುಡಿಸೋಕೆ ಹೇಳೋಣ."

"ಸರ್, ಅದು ಆಟ ಅಲ್ಲ. ಕೂಲಿ. ಎರಡು ಸಾವಿರ ಮಕ್ಕಳಿಗೆ ನಾವು ಕೂಲಿ ಮಾಡಿಸ್ತಾ ಇದ್ದೀವಿ."

"ಎದೆ ಬಡಿತ ಸರಿ ಇದೆ, ಸ್ನಾಯು ಸರಿ ಇದೆ. ಹೆಸರು ಏನಾದ್ರೂ ಇಟ್ಕೊಳ್ಳಿ," ಎಂದು ಅವನು ಡಬ್ಬಿಯಿಂದ ಇನ್ನೊಂದು ಕೋಡುಬಳೆ ತೆಗೆದ. ಅದರ ಚೂರು ಅವನ ಮೀಸೆಗೆ ಅಂಟಿತ್ತು. ಮೇದಿನಿ ಅದನ್ನೇ ನೋಡುತ್ತ ನಿಂತಳು. ಆಮೇಲೆ ತನ್ನ ಚೀಲ ತೆಗೆದುಕೊಂಡು ಹೊರಗೆ ಬಂದಳು.

ಮಧ್ಯಾಹ್ನ ಮನೆಗೆ ಬಂದು ಇಲಾಖೆಗೆ ಪತ್ರ ಬರೆದಳು, ತಾನು ಮಾಡಿದ್ದನ್ನೂ ಸೇರಿಸಿ, ಹೆಸರು ಹಾಕಿ. ಪತ್ರ ತಲುಪಿದೆ, ಪರಿಶೀಲನೆಯಲ್ಲಿದೆ ಎಂದು ಎರಡು ನಿಮಿಷಕ್ಕೇ ಯಂತ್ರದ ಉತ್ತರ ಬಂತು. ಚೈತ್ರಕೂಟದ ತಾಯಂದಿರ ವಾಟ್ಸಾಪ್ ಗುಂಪಿಗೂ ವಿಷಯವನ್ನೆಲ್ಲ ಬಿಡಿಸಿ ಬರೆದಳು. ನಮ್ಮ ಮಕ್ಕಳು ಕುಂಟುತ್ತಿರುವುದು ಏಕೆಂದರೆ ನಾವು ಅವರಿಗೆ ಕೊಟ್ಟಿರುವುದು ಚಿಕ್ಕತಾಯಮ್ಮನ ಮೈ. ದಯವಿಟ್ಟು ಅಂಗಿ ಬಿಚ್ಚಿಸಿ, ಮಕ್ಕಳನ್ನು ಕೆಳಗೆ ಬಿಡಿ.

ಮೊದಲು ವೀಣಾಂಬ ಬರೆದರು. "ತಿಳಿಸಿದ್ದಕ್ಕೆ ಧನ್ಯವಾದ ಮೇದಿನಿ. ಅವಳಿಗೆ ಕಾಲು ಸರಿಯಿಲ್ಲ ಅಂತ ನನಗೆ ಮೊದಲೇ ಅನುಮಾನವಿತ್ತು. ನಾಳೆಯಿಂದ ಬೇರೆಯವಳನ್ನು ನೋಡೋಣ. ಇಪ್ಪತ್ತೆರಡು ವರ್ಷದವಳು, ಗಟ್ಟಿಮುಟ್ಟಾಗಿದ್ದಾಳೆ." ಅದಕ್ಕೆ ಹದಿನಾರು ಜನ ಕೈಮುಗಿದ ಚಿತ್ರ ಹಾಕಿದರು. ಒಬ್ಬರು ಮಾತ್ರ ಪ್ರಶ್ನೆ ಕೇಳಿದ್ದರು. ಹೊಸಬಳು ಭಾನುವಾರವೂ ಬರುತ್ತಾಳಾ?

ಥೂ, ಎಂದಳು ಮೇದಿನಿ. ಒಬ್ಬಳೇ ಇದ್ದ ಮನೆಯಲ್ಲಿ ಅದು ಜೋರಾಗಿಯೇ ಕೇಳಿಸಿತು.

ಮಾರನೆಯ ದಿನ ಪ್ರಯೋಗಾಲಯದ ಗೇಟಿನಲ್ಲಿ ಅವಳ ಕಾರ್ಡು ಕೆಲಸ ಮಾಡಲಿಲ್ಲ. ಕಾವಲಿನವನು ಬೇರೆ ಕಡೆ ನೋಡಿದ. ವಾಪಸ್ಸು ಬಂದು, ಆ ದಿನ ಶಾಲೆಗೆ ಕಳಿಸದೆ ಮನೆಯಲ್ಲೇ ಉಳಿಸಿಕೊಂಡಿದ್ದ ತನ್ಮಯಿಯ ಕೈ ಹಿಡಿದು ಅಂಗಳಕ್ಕೆ ಇಳಿದಾಗ ಹತ್ತು ಗಂಟೆ. ಮೊಳೆ ಖಾಲಿಯಾಗಿತ್ತು, ಹೊಸ ಹುಡುಗಿ ಮೊಣಕೈವರೆಗೆ ಪಟ್ಟಿ ಏರಿಸಿಕೊಂಡು ಹಿಂದಿನ ಪಾರ್ಕಿಂಗಿನ ಕಡೆ ಹೋಗಿದ್ದಳು. ಅವಳ ಪೊರಕೆಗಳಲ್ಲೊಂದು ಗೋಡೆಗೆ ಒರಗಿತ್ತು. ಚಿಕ್ಕತಾಯಮ್ಮ ತನ್ನ ಊಟದ ಡಬ್ಬಿ, ಹಳೆಯ ಸ್ವೆಟರು ತಗೊಂಡು ಹೋಗಲು ಬಂದಿದ್ದಳು.

ಮೇದಿನಿ ಅವಳೆದುರು ನಿಂತು ಮೊದಲಿಂದ ಹೇಳಿದಳು. ಪಟ್ಟಿ ಚಾರ್ಜ್ ಆಗಲು ಕೊಟ್ಟದ್ದಲ್ಲ ಎಂಬುದರಿಂದ ಹಿಡಿದು ಎಲ್ಲವನ್ನೂ. ಚಿಕ್ಕತಾಯಮ್ಮ ನಡುವೆ ಬಾಯಿ ಹಾಕದೆ ಕೇಳಿದಳು.

"ಅಂದ್ರೆ, ಅವು ನನ್ನ ಅಣಕಿಸ್ತಿರಲಿಲ್ಲ?"

"ಇಲ್ಲ."

"ನನ್ನ ಮೈಯ ತಗಂಡೋಗಿ ಮಕ್ಕಳಿಗೆ ಹಾಕ್ಬುಟ್ರಾ? ಈ ಸೊಂಟನೋವೂ?"

"ಹೌದು."

"ನನ್ನ ಮಗಳಿಗೇ ನಾನು ಪೊರಕೆ ಮುಟ್ಟಿಸಿರಲಿಲ್ಲ ಅಮ್ಮಾವ್ರೆ. ನಿಮ್ಮ ಮಕ್ಕಳಿಗೆ ನೀವೇ ಮುಟ್ಟಿಸಿದ್ರಿ."

ಅಷ್ಟರಲ್ಲಿ ಹಿಂದಿನಿಂದ ಸರಸರ ಸದ್ದು ಬಂತು. ಇಬ್ಬರೂ ತಿರುಗಿದರು.

ತನ್ಮಯಿ ಗೋಡೆಗೆ ಒರಗಿದ್ದ ಪೊರಕೆ ತಗೊಂಡಿದ್ದಳು. ಬಗ್ಗಿ ಬಲಕ್ಕೆ ಎರಡು ಬೀಸು, ಎಡಕ್ಕೆ ಒಂದು. ಒಂದು ಎಲೆಯೂ ತಪ್ಪುತ್ತಿರಲಿಲ್ಲ. ಎಡಗಾಲು ಎಳೆದು ಮುಂದಕ್ಕೆ ಒಂದು ಹೆಜ್ಜೆ. ನಾಲ್ಕು ಹೆಜ್ಜೆಗೊಮ್ಮೆ ಆ ಏಳು ವರ್ಷದ ಕೈ ಸೊಂಟಕ್ಕೆ ಹೋಗುತ್ತಿತ್ತು. ಅಂಗಿ ಮೈಮೇಲೆ ಇರಲೇ ಇಲ್ಲ.

"ಯಾರವ್ವ ನಿಂಗೆ ಇದ ಮಾಡು ಅಂದದ್ದು?" ಎಂದು ಚಿಕ್ಕತಾಯಮ್ಮ ಕೇಳಿದಳು.

"ಅಮ್ಮ ಆಡ್ಕೋ ಅಂದ್ರು. ನಂಗೆ ಇದೇ ಬರೋದು."

ಚಿಕ್ಕತಾಯಮ್ಮ ಕುಂಟುತ್ತ ಹೋಗಿ ಮಗುವಿನ ಕೈಯಿಂದ ಪೊರಕೆ ಕಿತ್ತುಕೊಂಡಳು. ಮೇಲಕ್ಕೆತ್ತಿ ಕಾಂಪೌಂಡ್ ಗೋಡೆಯಾಚೆ ಎಸೆದಳು. ಹತ್ತೊಂಬತ್ತು ವರ್ಷ ತಾನೇ ಗುಡಿಸಿದ ಅಂಗಳದ ಮೆಟ್ಟಿಲ ಮೇಲೆ, ಹಗಲುಹೊತ್ತಿನಲ್ಲಿ, ಮೊದಲ ಸಲ ಕುಳಿತಳು. ಎಡಗಾಲನ್ನು ಉದ್ದಕ್ಕೆ ಚಾಚಿದಳು.

"ಅಮ್ಮಾವ್ರೆ, ನೀವು ಆ ಕಡಿಕೆ ತಿರಿಕ್ಕಳಿ. ನೀವು ನೋಡ್ತಾ ಇದ್ರೆ ಅದು ನಿಮ್ಮ ಮುಖಾನೇ ನೋಡ್ತದೆ."

ಮೇದಿನಿ ಗೋಡೆಯ ಕಡೆ ತಿರುಗಿ ನಿಂತಳು. ಇದಕ್ಕಿಂತ ಕಷ್ಟದ ಕೆಲಸವನ್ನು ಅವಳು ಮಾಡಿರಲಿಲ್ಲ. ಅಮ್ಮ ಏನು ಮಾಡ್ಲಿ ಎಂದು ಮಗಳು ಎರಡು ಸಲ ಕೇಳಿದಳು. ಇಬ್ಬರಲ್ಲಿ ಯಾರೂ ಉತ್ತರ ಕೊಡಲಿಲ್ಲ. ಅಳು ಬಂತು, ಸ್ವಲ್ಪ ಹೊತ್ತಿಗೆ ನಿಂತಿತು. ಆಮೇಲೆ ಸದ್ದೇ ಇಲ್ಲ.

ಬಹಳ ಹೊತ್ತಿನ ಮೇಲೆ ಮೇಲಿನ ಬಾಲ್ಕನಿಯಿಂದ ವೀಣಾಂಬ ಕೂಗಿದರು. "ಮೇದಿನಿ, ನಿಮ್ಮ ಮಗು ಮಣ್ಣಲ್ಲಿ ಕೂತಿದೆ, ನೋಡ್ಬಾರ್ದಾ?"

ಆಗ ತಿರುಗಿದಳು. ಚರಂಡಿಯ ಪಕ್ಕದ ಮಣ್ಣಿನಲ್ಲಿ ತನ್ಮಯಿ ಕುಕ್ಕರಗಾಲಲ್ಲಿ ಕುಳಿತಿದ್ದಳು. ಮೂಗಿನಿಂದ ಸಿಂಬಳ ಇಳಿದಿತ್ತು, ಅದನ್ನು ತಾನೇ ತೋಳಿನಿಂದ ಒರೆಸಿಕೊಂಡಳು. ಒಂದು ಗೊದ್ದ ಇರುವೆ ತನಗಿಂತ ದೊಡ್ಡ ರೆಕ್ಕೆಯೊಂದನ್ನು ಎಳೆದುಕೊಂಡು ಹೋಗುತ್ತಿತ್ತು. ಅವಳು ಅದನ್ನು ಮುಟ್ಟಲಿಲ್ಲ, ಯಾರನ್ನೂ ಕರೆಯಲೂ ಇಲ್ಲ, ಸುಮ್ಮನೆ ನೋಡುತ್ತಿದ್ದಳು. ಮೈಯಲ್ಲಿ ಒಂದು ಬೆರಳೂ ಅದುರುತ್ತಿರಲಿಲ್ಲ. ಮೇದಿನಿ ಗಡಿಯಾರ ನೋಡಿಕೊಂಡಳು. ತಾನು ಗೋಡೆಯ ಕಡೆ ತಿರುಗಿ ಮೂವತ್ತೆಂಟು ನಿಮಿಷವಾಗಿತ್ತು. ಪಟ್ಟಿ ಕಟ್ಟಿದ್ದರೆ ಅದು ಇಷ್ಟಕ್ಕೂ ಸೊನ್ನೆಯನ್ನೇ ಬರೆದುಕೊಳ್ಳುತ್ತಿತ್ತು.